ಆಫೀಸಿನ ಮಧ್ಯಾಹ್ನದ ಊಟ: ಡಬ್ಬಿಯೋ, ಖಾನಾವಳಿಯೋ, ಕೇಟರಿಂಗೋ, ಸ್ವಂತ ಅಡುಗೆಮನೆಯೋ?

ಸಿಬ್ಬಂದಿಗೆ ಮಧ್ಯಾಹ್ನದ ಊಟ ಆಫೀಸಿನಿಂದಲೇ ಕೊಡೋಣ ಎಂದು ಯಜಮಾನರು ಒಪ್ಪಿದ್ದಾರೆ. ಆದರೆ ಯಾರಿಗೆ ಹೇಳುವುದು? ಮನೆಯಲ್ಲಿ ಮಾಡಿ ಡಬ್ಬಿ ಕಳಿಸುವವರಿಗೋ, ಪಕ್ಕದ ಖಾನಾವಳಿಗೋ, ಮದುವೆ ಅಡುಗೆ ಮಾಡುವ ಕೇಟರಿಂಗ್‌ನವರಿಗೋ, ಇಲ್ಲಾ ಒಬ್ಬ ಅಡುಗೆಯವರನ್ನೇ ಸಂಬಳಕ್ಕೆ ಇಟ್ಟುಕೊಳ್ಳುವುದೋ? ಉತ್ತರ ಕನ್ನಡದ ಕಾರವಾರ, ಕುಮಟಾ, ಶಿರಸಿ ಕಡೆಯ ಓದುಗರು ಇದನ್ನು ಕೇಳುತ್ತಲೇ ಇರುತ್ತಾರೆ. ಒಬ್ಬರದು ಹದಿನೈದು ಜನರ ಸಹಕಾರಿ ಸಂಘ, ಒಬ್ಬರದು ಶಿರವಾಡದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಣ್ಣ ಘಟಕ, ಇನ್ನೊಬ್ಬರದು ಬಂದರಿನ ಹತ್ತಿರ ಶಿಪ್ಪಿಂಗ್ ಏಜೆನ್ಸಿ.

ಎಲ್ಲರ ಮೊದಲ ಪ್ರಶ್ನೆ ಮಾತ್ರ ಒಂದೇ: "ತಟ್ಟೆಗೆ ಎಷ್ಟು ಬೀಳುತ್ತದೆ?" ನನ್ನ ಪ್ರಕಾರ ಅದನ್ನು ಕೊನೆಗೆ ಕೇಳಬೇಕು. ದಿನಾ ಎಷ್ಟು ಜನ ನಿಜವಾಗಿ ಊಟಕ್ಕೆ ಕೂರುತ್ತಾರೆ, ಆ ಎಣಿಕೆ ಎಷ್ಟು ಏರುತ್ತದೆ ಇಳಿಯುತ್ತದೆ ಎಂಬುದು ಗೊತ್ತಾದರೆ ಅರ್ಧ ತೀರ್ಮಾನ ತಾನಾಗಿ ಆಗುತ್ತದೆ.

ಮೊದಲು ನೋಡಿಕೊಳ್ಳಬೇಕಾದ್ದು

ಎಣಿಕೆಯಿಂದಲೇ ಶುರು ಮಾಡೋಣ. ಹಾಜರಿ ಪುಸ್ತಕದಲ್ಲಿ 40 ಹೆಸರು ಇರಬಹುದು. ಆದರೆ ಸಾಲ ವಸೂಲಿಗೆ ಹೋದವರು, ಕೋರ್ಟಿಗೆ ಹೋದವರು, ಮನೆ ಹತ್ತಿರ ಇದೆ ಎಂದು ಊಟಕ್ಕೆ ಹೋಗಿ ಬರುವವರು, ಸಂಕಷ್ಟಿ ಎಂದು ಉಪವಾಸ ಇರುವವರು ಎಲ್ಲರನ್ನೂ ಕಳೆದರೆ ಉಳಿಯುವುದು ಎಷ್ಟು? ಎರಡು ವಾರ ಮಧ್ಯಾಹ್ನ ಒಂದು ಗಂಟೆಗೆ ಎಷ್ಟು ಜನ ಇದ್ದಾರೆ ಎಂದು ಸುಮ್ನೆ ಬರೆದಿಡಿ. ಸರಾಸರಿಯ ಜೊತೆಗೆ ಅತಿ ಕಡಿಮೆ ಮತ್ತು ಅತಿ ಜಾಸ್ತಿ ಬಂದ ದಿನಗಳ ಸಂಖ್ಯೆಯನ್ನೂ ಗುರುತು ಹಾಕಿಕೊಳ್ಳಿ.

ಇದು ಯಾಕೆ ಮುಖ್ಯ ಎನ್ನುವುದಕ್ಕೆ ಒಂದು ಲೆಕ್ಕ. ಕೇಟರಿಂಗ್‌ನವರು ತಟ್ಟೆಗೆ 80 ರೂಪಾಯಿ ಹೇಳಿದರು, ಕನಿಷ್ಠ 40 ತಟ್ಟೆ ಎಂದರು ಅಂದುಕೊಳ್ಳಿ. ಖಾನಾವಳಿಯವರು 95 ಹೇಳಿದರು, ಆದರೆ ಉಂಡವರಿಗೆ ಮಾತ್ರ ಬಿಲ್ಲು. ಮೇಲುನೋಟಕ್ಕೆ ಕೇಟರಿಂಗ್ ಅಗ್ಗ. ನಿಮ್ಮಲ್ಲಿ ಸರಾಸರಿ 31 ಜನ ಉಣ್ಣುತ್ತಿದ್ದರೆ? ಕೇಟರಿಂಗ್‌ಗೆ ದಿನಕ್ಕೆ 3,200 ಹೋಗುತ್ತದೆ, ಅಂದರೆ ಉಂಡವರ ಲೆಕ್ಕದಲ್ಲಿ ತಲೆಗೆ 103. ಖಾನಾವಳಿಗೆ 2,945. ದಿನಕ್ಕೆ 255ರಂತೆ 24 ದಿನಕ್ಕೆ 6,120 ರೂಪಾಯಿ ವ್ಯತ್ಯಾಸ. ಇದೇ ಆಫೀಸಿನಲ್ಲಿ 38 ಜನ ಕಾಯಂ ಕೂರುತ್ತಿದ್ದರೆ ಕೇಟರಿಂಗ್ ಗೆಲ್ಲುತ್ತದೆ. ದರಗಳನ್ನು ಲೆಕ್ಕಕ್ಕಾಗಿ ಹೇಳಿದೆ. ನಿಮ್ಮ ಊರಿನ ದರ ಹಾಕಿ, ನಿಮ್ಮ ಎಣಿಕೆ ಹಾಕಿ, ನೀವೇ ಗುಣಿಸಿ ನೋಡಿ.

ಎರಡನೆಯದು, ಯಾರು ಏನು ಉಣ್ಣುತ್ತಾರೆ. ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಕಾರವಾರದ ಆಫೀಸಿನಲ್ಲಿ ಮೀನು ಇಲ್ಲದ ಊಟವನ್ನು ಊಟ ಎಂದೇ ಒಪ್ಪದವರು ಇರುತ್ತಾರೆ. ಅವರಲ್ಲೇ ಎಷ್ಟೋ ಜನ ಸೋಮವಾರ ಮೀನು ಮುಟ್ಟುವುದಿಲ್ಲ, ಶ್ರಾವಣದಲ್ಲಂತೂ ತಿಂಗಳಿಡೀ ಬಿಡುತ್ತಾರೆ. ಭಟ್ಕಳದಲ್ಲಿ ಮಾಂಸ ಹಲಾಲ್ ಆಗಿರಬೇಕು. ಶಿರಸಿ, ಸಿದ್ದಾಪುರದ ಕಡೆ ಈರುಳ್ಳಿ ಬೆಳ್ಳುಳ್ಳಿ ಹಾಕದ ಅಡುಗೆ ಬೇಕು ಎನ್ನುವವರು, ಊಟದ ಕೊನೆಗೆ ಮಜ್ಜಿಗೆ ಇಲ್ಲದಿದ್ದರೆ ಏಳದವರು ಇದ್ದಾರೆ. ಘಟ್ಟದ ಕೆಳಗಿನವರಿಗೆ ಕುಚ್ಚಲಕ್ಕಿ ಬೇಕು, ಹಳಿಯಾಳ, ಬೆಳಗಾವಿ ಕಡೆಯಿಂದ ವರ್ಗವಾಗಿ ಬಂದವರಿಗೆ ಚಪಾತಿಯೋ ರೊಟ್ಟಿಯೋ ಬೇಕು. ಎಲ್ಲರನ್ನೂ ಪೂರ್ತಿ ಖುಷಿಪಡಿಸಲು ಆಗುವುದಿಲ್ಲ. ಆದರೆ ಯಾರೂ ಉಪವಾಸ ಏಳಬಾರದು, ಅಲ್ವಾ? ಒಂದು ಚೀಟಿ ಕೊಟ್ಟು ಹೆಸರಿಲ್ಲದೆ ಬರೆಸಿಕೊಳ್ಳಿ. ಎದುರಿಗೆ ಕೇಳಿದರೆ "ಏನಾದರೂ ನಡೆಯುತ್ತದೆ" ಎನ್ನುತ್ತಾರೆ, ಆಮೇಲೆ ಗೊಣಗುತ್ತಾರೆ.

ಮೂರನೆಯದು, ಒಲೆಯಿಂದ ತಟ್ಟೆಗೆ ಎಷ್ಟು ಹೊತ್ತು. ಆಹಾರ ಸುರಕ್ಷತೆಯ ನಿಯಮದಲ್ಲಿ ಬಿಸಿ ಊಟ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು, ತಣ್ಣಗಿಡಬೇಕಾದ್ದು 5 ಡಿಗ್ರಿ ದಾಟಬಾರದು. ಇವೆರಡರ ನಡುವೆ ಎರಡು ಗಂಟೆಗಿಂತ ಜಾಸ್ತಿ ಇಡದಿರುವುದು ಒಳ್ಳೆಯ ಪದ್ಧತಿ. ಬೆಳಿಗ್ಗೆ ಎಂಟಕ್ಕೆ ಬಸಿದ ಅನ್ನ ಒಂದೂವರೆಗೆ ತಟ್ಟೆಗೆ ಬಂದರೆ? ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಬಿಟ್ಟ ಒಂದು ಬಗೆಯ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬಂಗಡೆಯಂಥ ಮೀನನ್ನು ಐಸ್ ಇಲ್ಲದೆ ಇಟ್ಟರೆ ಹಿಸ್ಟಮಿನ್ ಸೇರುತ್ತದೆ. ಎಷ್ಟೇ ಕುದಿಸಿ, ಎಷ್ಟೇ ಹುರಿಯಿರಿ, ಅದು ಅಲ್ಲೇ ಇರುತ್ತದೆ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ ತಲೆನೋವು ಬಂದರೆ "ಮೀನಿನ ಅಲರ್ಜಿ" ಎಂದು ಸುಮ್ಮನಾಗುತ್ತೇವೆ. ಎಷ್ಟೋ ಸಲ ತಪ್ಪು ಐಸಿನದ್ದು.

ಕರಾವಳಿಯಲ್ಲಿ ಇನ್ನೊಂದು ಇದೆ, ತೆಂಗಿನಕಾಯಿ. ನಮ್ಮ ಹುಳಿ, ಹುಮ್ಮಣ (ಮೀನಿನ ಸಾರು), ಗೊಜ್ಜು, ಪಲ್ಯ ಎಲ್ಲದಕ್ಕೂ ಕಾಯಿ ಬೇಕು. ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಬೆಳಿಗ್ಗೆ ರುಬ್ಬಿ ಹಾಕಿದ ಕಾಯಿ ಮುಚ್ಚಿದ ಡಬ್ಬಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ವಾಸನೆ ಬರುವುದು ಎಲ್ಲರಿಗೂ ಗೊತ್ತು. ಯಾರಿಗೇ ಊಟ ಹೇಳುವ ಮುಂಚೆ "ಕಾಯಿ ಎಷ್ಟು ಗಂಟೆಗೆ ರುಬ್ಬುತ್ತೀರಿ?" ಎಂದು ಕೇಳಿ. ಉತ್ತರ ಕೊಡುವ ರೀತಿಯಲ್ಲೇ ಅವರ ಅಡುಗೆಮನೆ ಹೇಗಿದೆ ಎಂದು ಅಂದಾಜಾಗುತ್ತದೆ.

ನಾಲ್ಕನೆಯದು ಮಳೆಗಾಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಯಿತು. ಮೂರು ವಾರದ ನಂತರ, ಆಗಸ್ಟ್ 7ಕ್ಕೆ, ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಅಂಥದ್ದು ದಿನಾ ಆಗುವುದಿಲ್ಲ, ನಿಜ. ಆದರೆ ಮಳೆಯಲ್ಲಿ ದೇವಿಮನೆ ಘಟ್ಟವೋ ಅರಬೈಲ್ ಘಟ್ಟವೋ ತೊಂದರೆ ಕೊಡುವುದು ಹೊಸದಲ್ಲ. ಊಟ ಕೊಡುವವರು ಕಾಳಿ ನದಿಯ ಯಾವ ದಂಡೆಯಲ್ಲಿದ್ದಾರೆ, ನೀವು ಯಾವ ದಂಡೆಯಲ್ಲಿದ್ದೀರಿ? ಊಟದ ಗಾಡಿ ಎಲ್ಲೆಲ್ಲಿ ಹಾದು ಬರಬೇಕು? ಜೊತೆಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ತಾಜಾ ಮೀನು ಕಡಿಮೆ, ರೇಟು ಜಾಸ್ತಿ. ವರ್ಷವಿಡೀ ಒಂದೇ ದರದಲ್ಲಿ ದಿನಾ ಮೀನು ಕೊಡುತ್ತೇವೆ ಎನ್ನುವವರನ್ನು ನಾನಂತೂ ನಂಬುವುದಿಲ್ಲ.

ಕೊನೆಯದು ಕಾಗದಪತ್ರ. ಊಟ ಮಾಡಿ ಮಾರುವವರು ಮನೆಯಲ್ಲೇ ಮಾಡಿದರೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿಕೊಳ್ಳಬೇಕು. ನಂಬರು 14 ಅಂಕಿಯದು, ಆನ್‌ಲೈನಿನಲ್ಲಿ ಹಾಕಿ ನೋಡಬಹುದು. ಖಾನಾವಳಿ, ಕೇಟರಿಂಗ್ ಬಿಲ್ಲಿಗೆ ಸಾಮಾನ್ಯವಾಗಿ 5% ಜಿಎಸ್‌ಟಿ ಬೀಳುತ್ತದೆ. ನೌಕರರ ಊಟದ ಮೇಲೆ ಕಟ್ಟಿದ ಈ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಲು ಬರುವುದಿಲ್ಲ, ಹಾಗಾಗಿ ಅದೂ ಖರ್ಚೇ. ಕಾಂಪೊಸಿಷನ್ ಯೋಜನೆಯಲ್ಲಿರುವ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ತಾವೇ ತೆರಿಗೆ ಕಟ್ಟುವ ವ್ಯವಸ್ಥೆ) ಹೋಟೆಲು ನಿಮ್ಮಿಂದ ಜಿಎಸ್‌ಟಿ ಬೇರೆಯಾಗಿ ವಸೂಲಿ ಮಾಡುವಂತಿಲ್ಲ, ಬಿಲ್ಲಿನಲ್ಲಿ ಹಾಕಿದ್ದರೆ ಕೇಳಿ. ಕಂಪನಿ, ಪಾಲುದಾರಿಕೆ ಸಂಸ್ಥೆ, ಸಹಕಾರಿ ಸಂಘಗಳು ಒಬ್ಬರಿಗೇ ವರ್ಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಕೇಟರಿಂಗ್ ಹಣ ಕೊಟ್ಟರೆ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಹಿಡಿಯಬೇಕು: ವ್ಯಕ್ತಿಯಾದರೆ 1%, ಸಂಸ್ಥೆಯಾದರೆ 2%. ಇದನ್ನು ಮೊದಲೇ ಹೇಳಿಡದಿದ್ದರೆ ಮೊದಲ ಬಿಲ್ಲಿನ ದಿನವೇ ಜಗಳ.

ಮನೆಯ ಡಬ್ಬಿ

ಹತ್ತು ಹದಿನೈದು ಜನರೊಳಗಿನ ಆಫೀಸಿಗೆ ರುಚಿಯ ಮಟ್ಟಿಗೆ ಇದರಷ್ಟು ಒಳ್ಳೆಯದು ಇಲ್ಲ. ಮನೆಯಲ್ಲಿ ಮಾಡಿದ್ದಕ್ಕೆ ಎಣ್ಣೆ ಮಿತ, ಸೋಡಾ ಇಲ್ಲ, ಅಪ್ಪೆಹುಳಿ, ಬಸಳೆ ಹುಳಿಯಂಥದ್ದು ಹೋಟೆಲಿನಲ್ಲಿ ಎಲ್ಲಿ ಸಿಗಬೇಕು? ಒಬ್ಬರಿಗೆ ಖಾರ ಕಡಿಮೆ, ಇನ್ನೊಬ್ಬರಿಗೆ ಅನ್ನದ ಬದಲು ಚಪಾತಿ ಎಂದರೂ ನಡೆಯುತ್ತದೆ. ಆರು ಬಾಯಿಗೆ ಆರು ತರ ಮಾಡಿಕೊಡುವ ತಾಯಂದಿರು ನಮ್ಮಲ್ಲಿ ಇನ್ನೂ ಇದ್ದಾರೆ.

ತೊಂದರೆ ಒಂದೇ, ಎಲ್ಲವೂ ಒಬ್ಬರ ಮೇಲೆ ನಿಂತಿದೆ. ಅವರಿಗೆ ಜ್ವರ ಬಂದರೆ, ಮನೆಯಲ್ಲಿ ಸೂತಕ ಬಂದರೆ, ತವರಿನಲ್ಲಿ ಮದುವೆ ಇದ್ದರೆ ಆ ದಿನ ಊಟ ಇಲ್ಲ. ಚೌತಿ ಹಬ್ಬದ ವಾರ ಕಾರವಾರದಲ್ಲಿ ಯಾರ ಮನೆಯಿಂದಲೂ ಡಬ್ಬಿ ನಿರೀಕ್ಷಿಸಬೇಡಿ. ಹದಿನೈದು ಜನ ಇದ್ದರೆ ಎಂಟು, ಏಳು ಎಂದು ಎರಡು ಮನೆಗೆ ಹಂಚುವುದು ಜಾಣತನ. ಒಂದು ಮನೆ ರಜೆ ಎಂದರೆ ಇನ್ನೊಂದು ಮನೆ ಅಷ್ಟನ್ನು ಸುಧಾರಿಸಬಲ್ಲದು. ಹಣವನ್ನು ವಾರಕ್ಕೊಮ್ಮೆ, ಆದರೆ ಮುಂಗಡವಾಗಿ ಕೊಡಿ. ಅವರಿಗೆ ತಿಂಗಳ ಬಿಲ್ಲಿಗೆ ಕಾಯುವ ಬಂಡವಾಳ ಇರುವುದಿಲ್ಲ. ಕಾಯಿಸಿದರೆ ಮೊದಲು ಬೇಳೆ ತೆಳ್ಳಗಾಗುತ್ತದೆ.

ಮಹಿಳಾ ಸ್ವಸಹಾಯ ಸಂಘ ಮಾಡಿಕೊಡುವ ಊಟವೂ ಹೆಚ್ಚುಕಡಿಮೆ ಇದೇ ಜಾತಿಯದ್ದು. ರುಚಿ ಮನೆಯದು, ಕೈಗಳು ಹಲವು. ಒಬ್ಬರು ಬರದಿದ್ದರೆ ಇನ್ನೊಬ್ಬರು ಇರುತ್ತಾರೆ, ಹಾಗಾಗಿ ಮೂವತ್ತು ನಲವತ್ತು ಜನರವರೆಗೂ ಏಗುತ್ತಾರೆ. ನಿಮ್ಮ ಸುತ್ತ ಅಡುಗೆ ಮಾಡುವ ಗುಂಪು ಇದೆಯೇ ಎಂದು ತಾಲೂಕು ಪಂಚಾಯ್ತಿಯಲ್ಲಿ ಸಂಜೀವಿನಿ ಯೋಜನೆ ನೋಡುವವರ ಹತ್ತಿರ ಕೇಳಿ. ಒಂದು ಎಚ್ಚರಿಕೆ: ದರ, ಮೆನು ಎಲ್ಲ ಅವರ ಸಭೆಯಲ್ಲಿ ತೀರ್ಮಾನ ಆಗಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಮಾತಾಡಲು ಒಬ್ಬರ ಫೋನ್ ನಂಬರು ಗೊತ್ತು ಮಾಡಿಕೊಳ್ಳಿ. ಐದು ಜನರಿಗೆ ಐದು ಮಾತು ಹೇಳಿದರೆ ಕೆಲಸ ಕೆಟ್ಟಿತು.

ಖಾನಾವಳಿ ಜೊತೆ ತಿಂಗಳ ಲೆಕ್ಕ

ಎಣಿಕೆ ಏರಿಳಿಯುವ ಆಫೀಸಿಗೆ ನನ್ನ ಮೊದಲ ಸಲಹೆ ಇದೇ. ಇಂದು 22 ಜನ, ನಾಳೆ 35. ಖಾನಾವಳಿಗೆ ಅದೊಂದು ವಿಷಯವೇ ಅಲ್ಲ. ಅವರು ಹೇಗೂ ಊರಿಗೆ ಅಡುಗೆ ಮಾಡುತ್ತಾರೆ. ನೀವು ಪಾತ್ರೆ ಇಡಬೇಕಾಗಿಲ್ಲ, ತೊಳೆಯಬೇಕಾಗಿಲ್ಲ, ಉಳಿದ ಅನ್ನ ಏನು ಮಾಡುವುದು ಎಂದು ಯೋಚಿಸಬೇಕಾಗಿಲ್ಲ. ಊಟ ಒಲೆಯಿಂದ ನೇರ ಬಾಳೆಲೆಗೋ ತಟ್ಟೆಗೋ ಬರುವುದರಿಂದ ಬಿಸಿಯ ಚಿಂತೆಯೂ ಕಡಿಮೆ.

ಮೀನಿನ ತಕರಾರು ಬಗೆಹರಿಯುವುದೂ ಇಲ್ಲೇ. "ಊಟ ಆಫೀಸಿನದು, ಫ್ರೈ ಅವರವರದು" ಎಂಬ ಒಪ್ಪಂದ ಮಾಡಿಕೊಳ್ಳಿ. ಅನ್ನ, ಸಾರು, ಪಲ್ಯ, ಮಜ್ಜಿಗೆ ಅಥವಾ ಸೋಲ್‌ಕಡಿ (ಕೋಕಂ, ಕಾಯಿಹಾಲಿನ ಪಾನೀಯ) ಇರುವ ಸಾದಾ ಊಟದ ಬಿಲ್ಲು ಆಫೀಸಿಗೆ. ಬಂಗಡೆ ಫ್ರೈ, ಶೆಟ್ಲಿ (ಸಿಗಡಿ) ಸುಕ್ಕಾ ಬೇಕಾದವರು ತಮ್ಮ ಜೇಬಿನಿಂದ ಕೊಡುತ್ತಾರೆ. ಸಸ್ಯಾಹಾರಿಗಳಿಗೆ "ಅವರಿಗೆ ನಮಗಿಂತ ಜಾಸ್ತಿ ಖರ್ಚು ಮಾಡುತ್ತಾರೆ" ಎಂದು ಅನ್ನಿಸುವುದಿಲ್ಲ. ಮೀನಿನ ರೇಟು ಜೂನ್‌ನಲ್ಲಿ ಏರಿದರೆ ನಿಮ್ಮ ಬಜೆಟ್ ಅಲ್ಲಾಡುವುದಿಲ್ಲ.

ಇದಕ್ಕೆ ತೆರಬೇಕಾದ್ದು ಸಮಯ. ಕಾರವಾರದ ಒಳ್ಳೆಯ ಮೀನೂಟದ ಖಾನಾವಳಿಗಳಲ್ಲಿ ಒಂದರಿಂದ ಎರಡರ ನಡುವೆ ಕೂರಲು ಜಾಗ ಇರುವುದಿಲ್ಲ. ಹತ್ತು ನಿಮಿಷ ಕಾಯುವುದು, ಉಣ್ಣುವುದು, ನಡೆದು ಬರುವುದು ಎಲ್ಲ ಸೇರಿ ಒಂದು ಗಂಟೆ ಮುಗಿಯುತ್ತದೆ. ಹನ್ನೆರಡೂವರೆಗೆ ಒಂದು ತಂಡ, ಒಂದೂಕಾಲಿಗೆ ಇನ್ನೊಂದು ತಂಡ ಎಂದು ಕಳಿಸಿದರೆ ಸುಲಭ, ಕೌಂಟರೂ ಖಾಲಿ ಬೀಳುವುದಿಲ್ಲ. ದೂರ ಐದು ನಿಮಿಷದ ನಡಿಗೆಗಿಂತ ಜಾಸ್ತಿ ಇದ್ದರೆ ಈ ಆಯ್ಕೆಯನ್ನೇ ಬಿಡಿ. ಜುಲೈ ತಿಂಗಳ ಮಳೆಯಲ್ಲಿ ಛತ್ರಿ ಹಿಡಿದು ಹೋಗಿ ಸೊಂಟದ ಕೆಳಗೆ ಪೂರ್ತಿ ನೆನೆದು ಬಂದವರಿಂದ ಮಧ್ಯಾಹ್ನ ಕೆಲಸ ನಿರೀಕ್ಷಿಸುವುದು ಕಷ್ಟ.

ಇನ್ನೊಂದು, ಕೂಪನ್. ಪುಸ್ತಕ ಮಾಡಿ ಹಂಚಿದರೆ ಕೆಲವು ಕೂಪನ್ ಸಂಜೆಯ ಪಾರ್ಸಲ್ ಆಗುತ್ತವೆ, ಕೆಲವು ಬಾವನ ಮಗನ ಹೊಟ್ಟೆ ಸೇರುತ್ತವೆ. ದಿನದ ತಾರೀಕು ಹಾಕಿ, ಆ ದಿನ ಹಾಜರಿದ್ದವರಿಗೆ ಮಾತ್ರ ಕೊಡಿ. ಸಾಕು. ಅದಕ್ಕಿಂತ ಬಿಗಿ ಮಾಡಿದರೆ ಉಳಿಯುವ ಹಣಕ್ಕಿಂತ ಕೆಡುವ ಮನಸ್ಸೇ ಜಾಸ್ತಿ.

ಕೇಟರಿಂಗ್

ಎಣಿಕೆ ಸ್ಥಿರವಾಗಿ ಇದ್ದು, ಐವತ್ತರ ಮೇಲೆ ಇದ್ದು, ಆಫೀಸಿನಲ್ಲಿ ಕೂತು ಉಣ್ಣಲು ಜಾಗ ಇದ್ದರೆ ಕೇಟರಿಂಗ್ ಅನುಕೂಲ. ಪಾತ್ರೆ, ಬಡಿಸುವವರು, ತೊಳೆಯುವುದು ಎಲ್ಲ ಅವರದೇ. ಹಬ್ಬದ ಮುಂಚಿನ ದಿನ ಒಂದು ಹೋಳಿಗೆ, ವರ್ಷದ ಕೊನೆಗೆ ಪಾಯಸ ಎಂದರೂ ಸಲೀಸು.

ಆದರೆ ಆರಿಸುವಾಗ ಬಹಳ ಜನ "ಅವರ ಮದುವೆ ಊಟ ಉಂಡಿದ್ದೇನೆ, ಚೆನ್ನಾಗಿತ್ತು" ಎನ್ನುತ್ತಾರೆ. ಅದು ಲೆಕ್ಕಕ್ಕೆ ಬರುವುದಿಲ್ಲ. ಮದುವೆಯ ಅಡುಗೆ ಮಂಟಪದ ಹಿಂದೆಯೇ ಆಗಿ ಕೊಪ್ಪರಿಗೆಯಿಂದ ಪಂಕ್ತಿಗೆ ಬರುತ್ತದೆ. ನಿಮ್ಮ ಊಟ ಅವರ ಅಡುಗೆಮನೆಯಿಂದ ಹೊರಟು, ಓಮ್ನಿಯಲ್ಲಿ ಕೂತು, ಇನ್ನೆರಡು ಆಫೀಸಿಗೆ ಇಳಿಸಿ ನಿಮ್ಮಲ್ಲಿಗೆ ಬರುತ್ತದೆ. ಅವರು ಈಗಾಗಲೇ ದಿನಾ ಊಟ ಕೊಡುತ್ತಿರುವ ಇನ್ನೊಂದು ಆಫೀಸಿಗೆ ಹೋಗಿ, ಅಲ್ಲಿ ಉಂಡು ನೋಡಿ.

ಎರಡನೆಯ ಪ್ರಶ್ನೆ: ದಿನದ ಊಟಕ್ಕೆ ಬೇರೆ ತಂಡ ಇದೆಯೇ? ತುಳಸಿ ಹಬ್ಬ ಮುಗಿದು ಮದುವೆಗಳು ಶುರುವಾದ ಮೇಲೆ, ಮತ್ತೆ ಏಪ್ರಿಲ್ ಮೇ ತಿಂಗಳಲ್ಲಿ, ಒಳ್ಳೆಯ ಅಡುಗೆಯವರೆಲ್ಲ ಮುಹೂರ್ತದ ಹಿಂದೆ ಇರುತ್ತಾರೆ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದರಂತೂ ಅಡುಗೆಯವರೂ ಸಿಗುವುದಿಲ್ಲ, ಗಾಡಿಯೂ ಸಿಗುವುದಿಲ್ಲ. 600 ಜನರ ಮದುವೆಯೂ ನಿಮ್ಮ 50 ಊಟವೂ ಒಂದೇ ದಿನ ಬಿದ್ದರೆ ಯಾವುದನ್ನು ಬಿಡುತ್ತಾರೆ ಎಂದು ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಇದು ಉಲ್ಟಾ. ಮುಹೂರ್ತ ಇಲ್ಲ, ಕೈ ಖಾಲಿ, ಆಗ ದರ ಮಾತಾಡಲು ಒಳ್ಳೆಯ ಹೊತ್ತು. ಜುಲೈನಲ್ಲಿ ಮಾತಾಡಿ ವರ್ಷಕ್ಕೆ ಒಪ್ಪಂದ ಮಾಡಿಕೊಂಡವರಿಗೆ ಮೇ ತಿಂಗಳಲ್ಲಿ ಕೇಳುವವರಿಗಿಂತ ಒಳ್ಳೆಯ ದರ ಸಿಗುತ್ತದೆ.

ಮೆನುವಿನಲ್ಲೂ ಪ್ರಯಾಣ ನೆನಪಿಡಿ. ಫ್ರೈ ಮಾಡಿದ ಮೀನು ಮುಚ್ಚಿದ ಡಬ್ಬಿಯಲ್ಲಿ ಅರ್ಧ ಗಂಟೆಗೆ ಮೆತ್ತಗಾಗುತ್ತದೆ, ಹುಮ್ಮಣವಾದರೆ ತಡೆಯುತ್ತದೆ. ಕುಚ್ಚಲಕ್ಕಿ ಅನ್ನ ಬೇಗ ಮುದ್ದೆ ಆಗುವುದಿಲ್ಲ. ತಂಬುಳಿ ತಣ್ಣಗಿರಬೇಕು, ಬಿಸಿ ಅನ್ನದ ಪಾತ್ರೆಯ ಪಕ್ಕ ಇಟ್ಟು ತಂದರೆ ಹುಳಿಯಾಗುತ್ತದೆ. ಪೂರಿ, ಬಜೆಯನ್ನು ಕೇಟರಿಂಗ್ ಮೆನುವಿನಿಂದ ತೆಗೆದುಬಿಡಿ, ಯಾರಿಗೂ ನಷ್ಟ ಇಲ್ಲ.

ಸ್ವಂತ ಅಡುಗೆಮನೆ

"ನಮ್ಮದೇ ಅಡುಗೆ, ನಮ್ಮದೇ ರುಚಿ" ಎಂಬ ಆಸೆ ಎಲ್ಲರಿಗೂ ಇರುತ್ತದೆ. ಊರಿನಿಂದ ದೂರ, ಪಕ್ಕದಲ್ಲಿ ಖಾನಾವಳಿ ಇಲ್ಲದ ಕಡೆ, ಪಾಳಿಯಲ್ಲಿ ಕೆಲಸ ನಡೆಯುವ ಕಡೆ ಇದಕ್ಕೆ ಬೇರೆ ದಾರಿಯೂ ಇಲ್ಲ. ನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಇರುವ ಕಡೆ ಕ್ಯಾಂಟೀನ್ ಇರಬೇಕು ಎಂಬುದು ಔದ್ಯೋಗಿಕ ಸುರಕ್ಷತೆಯ 2020ರ ಸಂಹಿತೆಯಲ್ಲಿದೆ. ಹಳೆಯ ಕಾರ್ಖಾನೆ ಕಾಯ್ದೆಯಲ್ಲಿ ಈ ಸಂಖ್ಯೆ 250 ಇತ್ತು.

ಸಣ್ಣ ಆಫೀಸಿಗೆ ಮಾತ್ರ ಲೆಕ್ಕ ಕೂಡುವುದಿಲ್ಲ. ಅಡುಗೆಯವರಿಗೆ 22,000, ಸಹಾಯಕರಿಗೆ 15,000 ಎಂದಿಟ್ಟುಕೊಂಡರೆ ತಿಂಗಳಿಗೆ 37,000. ದಿನಕ್ಕೆ 30 ಊಟ, 25 ದಿನ ಎಂದರೆ 750 ಊಟ. ಸಂಬಳವೇ ತಟ್ಟೆಗೆ 49 ರೂಪಾಯಿ ಆಯಿತು, ಅಕ್ಕಿ ಬೇಳೆ ಇನ್ನೂ ಬಂದಿಲ್ಲ. ಅದೇ 60 ಊಟವಾದರೆ 25 ರೂಪಾಯಿಗೂ ಕಡಿಮೆಗೆ ಇಳಿಯುತ್ತದೆ. ಆಗ ದಿನಸಿ, ಗ್ಯಾಸ್ ಸೇರಿಸಿದರೂ ಹೊರಗಿನ ದರಕ್ಕಿಂತ ಕೆಳಗೆ ಬರುವ ಸಾಧ್ಯತೆ ಇದೆ. ಅಡುಗೆಯವರೂ ನಿಮ್ಮ ನೌಕರರೇ ಎಂಬುದನ್ನು ಮರೆಯಬೇಡಿ. ಕನಿಷ್ಠ ವೇತನ, ಸಂಸ್ಥೆಗೆ ಅನ್ವಯಿಸುವುದಾದರೆ ಇಎಸ್‌ಐ, ಪಿಎಫ್ ಎಲ್ಲ ಅವರಿಗೂ ಇದೆ.

ಹಣದ ಲೆಕ್ಕದಲ್ಲಿ ಕಾಣದ ಕೆಲಸಗಳೂ ಇವೆ. ಮನೆ ಬಳಕೆಯ 14.2 ಕೆಜಿ ಸಿಲಿಂಡರ್ ಇಟ್ಟು ಆಫೀಸಿಗೆ ಅಡುಗೆ ಮಾಡುವಂತಿಲ್ಲ, 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಬೇಕು. ಕಟ್ಟಡದ ಮಾಲೀಕರು ಒಲೆಗೆ ಒಪ್ಪಬೇಕು. ಒಪ್ಪಿದರೂ ಮೀನಿಗೆ ಒಪ್ಪಬೇಕಲ್ಲ! ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ, ಇಲಿ ಬರದಂತೆ ದಿನಸಿ ಎಲ್ಲಿ ಇಡುತ್ತೀರಿ? ಬಾವಿ ನೀರಾದರೆ ಮಳೆಗಾಲದಲ್ಲಿ ಕಾಯಿಸದೆ ಕೊಡಬೇಡಿ, ಟೈಫಾಯ್ಡ್, ಕಾಮಾಲೆ ಬರುವುದು ಆಗಲೇ. ಅಡುಗೆ ಮಾಡುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಿ ಪ್ರಮಾಣಪತ್ರ ಇಡಬೇಕು.

ಸಾಮಾನು ತರುವವರು ಯಾರು? ಶಿರಸಿಯ ಮಂಗಳವಾರದ ಸಂತೆ, ಕಾರವಾರದ ಭಾನುವಾರದ ಸಂತೆ ಎರಡರಲ್ಲೂ ತರಕಾರಿ ಅಗ್ಗ. ಆದರೆ ಭಾನುವಾರ ಆಫೀಸಿಗೆ ರಜೆ. ಯಾರಾದರೂ ರಜೆ ದಿನ ಚೀಲ ಹಿಡಿದು ಹೋಗಬೇಕು. ಕೊನೆಗೆ ಈ ಕೆಲಸ ಅಕೌಂಟ್ಸ್ ನೋಡುವ ಪಾಪದವರ ತಲೆಗೆ ಬರುತ್ತದೆ. ಆರು ತಿಂಗಳಲ್ಲಿ ಅವರು ಬದನೆಕಾಯಿ ರೇಟು ಹೇಳುತ್ತಾರೆ, ಬ್ಯಾಲೆನ್ಸ್ ಶೀಟ್ ತಡವಾಗುತ್ತದೆ. ಇದಕ್ಕೆಂದೇ ಒಬ್ಬರ ಅರ್ಧ ದಿನ ಮೀಸಲಿಡಲು ತಯಾರಿದ್ದರೆ ಮಾತ್ರ ಅಡುಗೆಮನೆ ಶುರು ಮಾಡಿ.

ಹಣವನ್ನೇ ಕೊಟ್ಟುಬಿಡುವುದು

ಐದಾರು ಜನರ ಆಫೀಸಿಗೆ ಇದು ಸಾಕು. ಊಟದ ಭತ್ಯೆ ಎಂದು ಸಂಬಳದ ಜೊತೆ ನಗದು ಕೊಟ್ಟರೆ ನೌಕರರಿಗೆ ಅದರ ಮೇಲೆ ತೆರಿಗೆ ಬೀಳುತ್ತದೆ. ಕೆಲಸದ ಹೊತ್ತಿನಲ್ಲಿ ಆಫೀಸಿನಲ್ಲೇ ಕೊಟ್ಟ ಊಟಕ್ಕೆ, ಇನ್ನೊಬ್ಬರಿಗೆ ವರ್ಗಾಯಿಸಲಾಗದ ಊಟದ ವೋಚರ್‌ಗೆ ಒಂದು ಮಿತಿಯವರೆಗೆ ವಿನಾಯಿತಿ ಇದೆ. ಈ ವರ್ಷದ ಮಿತಿ ನಿಮ್ಮ ಆಡಿಟರ್ ಹೇಳುತ್ತಾರೆ. ಫೋನಿನಲ್ಲಿ ಆರ್ಡರ್ ಮಾಡಿ ತರಿಸುವುದು ವಾರಕ್ಕೊಂದು ದಿನಕ್ಕೆ ಸರಿ, ದಿನಾ ಎಂದರೆ ಪ್ಯಾಕಿಂಗ್, ಡೆಲಿವರಿ ಸೇರಿ ದುಬಾರಿ. ಪ್ಲಾಸ್ಟಿಕ್ ಡಬ್ಬಿಗಳ ರಾಶಿ ಬೇರೆ.

ಹಾಗಾದರೆ ನಿಮಗೆ ಯಾವುದು?

ಶಿರಸಿಯ ಹದಿನೈದು ಜನರ ಸಹಕಾರಿ ಸಂಘವಾದರೆ ಎರಡು ಮನೆಯ ಡಬ್ಬಿ, ಅಥವಾ ಒಂದು ಮಹಿಳಾ ಸಂಘ. ಕಾರವಾರ ಪೇಟೆಯೊಳಗೆ ಮೂವತ್ತು ನಲವತ್ತು ಜನ, ಅರ್ಧ ಜನ ಹೊರಗೆ ಓಡಾಡುವವರು ಎಂದಾದರೆ ಯೋಚನೆಯೇ ಬೇಡ, ಖಾನಾವಳಿ. ಶಿರವಾಡದ ಘಟಕದಲ್ಲಿ ಎಂಬತ್ತು ಜನ ಎರಡು ಪಾಳಿಯಲ್ಲಿ ಇದ್ದರೆ ಸ್ವಂತ ಅಡುಗೆಮನೆಯ ಲೆಕ್ಕ ಹಾಕಿ ನೋಡಿ. ಹಾಕುವ ಶಕ್ತಿ ಈಗ ಇಲ್ಲದಿದ್ದರೆ ಒಂದು ವರ್ಷ ಕೇಟರಿಂಗ್ ಮಾಡಿ ಎಣಿಕೆ ಸ್ಥಿರವಾಗುತ್ತದೆಯೇ ಎಂದು ಗಮನಿಸಿ. ಇದೇ ಅಂಗಡಿ ಎಂದು ಅಂಟಿಕೊಳ್ಳಬೇಕಾಗಿಲ್ಲ: ಕೆಲವು ಕಡೆ ಮಳೆಗಾಲದ ನಾಲ್ಕು ತಿಂಗಳು ಕೇಟರಿಂಗ್, ಉಳಿದಂತೆ ಖಾನಾವಳಿ ಎಂದು ಹೊಂದಿಸಿಕೊಂಡಿದ್ದಾರೆ. ಮದುವೆ ಇಲ್ಲದ ತಿಂಗಳಲ್ಲಿ ಕೇಟರಿಂಗ್‌ನವರಿಗೂ ಕೆಲಸ ಬೇಕು, ನಿಮ್ಮವರೂ ನೆನೆಯುವುದಿಲ್ಲ.

ಬಜೆಟ್ ಬಿಗಿ ಇದ್ದರೆ ಊಟದ ಗುಣಮಟ್ಟ ಇಳಿಸಬೇಡಿ, ಪಾಲು ಹಾಕಿ. ತಟ್ಟೆಗೆ ಇಪ್ಪತ್ತು ರೂಪಾಯಿ ನೌಕರರಿಂದ ಹಿಡಿದರೆ ಎರಡು ಲಾಭ. ಆಫೀಸಿನ ಹೊರೆ ಇಳಿಯುತ್ತದೆ. ಹೆಸರು ಕೊಟ್ಟು ಬಾರದಿರುವವರ ಸಂಖ್ಯೆಯೂ ತಾನಾಗಿ ಕಡಿಮೆಯಾಗುತ್ತದೆ. ಪೂರ್ತಿ ಉಚಿತ ಊಟಕ್ಕೆ "ನಾಳೆ ಬೇಡ" ಎಂದು ಹೇಳುವ ನೆನಪು ಯಾರಿಗೂ ಇರುವುದಿಲ್ಲ. ಯಜಮಾನರಿಗೆ ಇದು ಕಂಜೂಸಿತನ ಎಂದು ಅನ್ನಿಸಿದರೆ, ಆ ಹಣವನ್ನು ಕೂಡಿಟ್ಟು ದೀಪಾವಳಿಗೆ ಎಲ್ಲರಿಗೂ ಹಂಚಿ.

ಒಪ್ಪಂದಕ್ಕೆ ಮುಂಚೆ ಎರಡು ವಾರ ಪರೀಕ್ಷೆ ಮಾಡಿ. ಮೊದಲ ಸೋಮವಾರ ಎಲ್ಲರೂ ಚೆನ್ನಾಗಿಯೇ ಕೊಡುತ್ತಾರೆ, ಎರಡನೇ ಗುರುವಾರದ ಊಟ ನೋಡಿ. ಅಡುಗೆಗೆ ಬಳಸುವ ಥರ್ಮಾಮೀಟರ್ ಒಂದು ತಂದು, ಊಟ ಬಂದ ತಕ್ಷಣ ಅನ್ನಕ್ಕೂ ಸಾರಿಗೂ ಚುಚ್ಚಿ 60 ಡಿಗ್ರಿ ಇದೆಯೇ ಎಂದು ಬರೆದಿಡಿ. ಎಷ್ಟು ಉಳಿಯಿತು ಎಂಬುದನ್ನೂ ಬರೆಯಿರಿ: ಅನ್ನ ಉಳಿದರೆ ಅಳತೆ ಜಾಸ್ತಿ, ಪಲ್ಯ ಮಾತ್ರ ಉಳಿದರೆ ರುಚಿ ಇಲ್ಲ. ಅಡುಗೆಯವರಿಗೆ ಅಂದಾಜು ಕೊಡಲು, ಕೂತು ಕೆಲಸ ಮಾಡುವವರಿಗೆ ಒಂದು ಕೆಜಿ ಅಕ್ಕಿ ಸುಮಾರು ಎಂಟು ಜನಕ್ಕೆ ಸಾಕು. ಮೈಮುರಿದು ದುಡಿಯುವವರಿಗೆ ಆರು ಜನಕ್ಕೆ ಹಿಡಿಯಿರಿ.

ಒಪ್ಪಂದ ಒಂದು ಪುಟ ಸಾಕು. ನಾಳೆಯ ಎಣಿಕೆ ಹೇಳಲು ಹಿಂದಿನ ಸಂಜೆ ಎಷ್ಟು ಗಂಟೆಯವರೆಗೆ ಅವಕಾಶ, ಅದಕ್ಕಿಂತ ಎಷ್ಟು ಹೆಚ್ಚುಕಡಿಮೆ ಆದರೂ ನಡೆಯುತ್ತದೆ, ಊಟ ಎಷ್ಟು ಗಂಟೆಗೆ ಬರಬೇಕು, ದರ ಯಾವಾಗ ಪರಿಷ್ಕರಣೆ, ಬಿಡುವುದಾದರೆ ಎಷ್ಟು ದಿನದ ಮುಂಚೆ ಹೇಳಬೇಕು. ಕೇಟರಿಂಗ್ ಆದರೆ ಪ್ರತಿ ಪದಾರ್ಥದ ಒಂದು ಸೌಟು ಮರುದಿನದವರೆಗೆ ಫ್ರಿಜ್ಜಿನಲ್ಲಿ ಎತ್ತಿಡಬೇಕು ಎಂದೂ ಸೇರಿಸಿ. ಯಾರಿಗಾದರೂ ಹೊಟ್ಟೆ ಕೆಟ್ಟರೆ ಕಾರಣ ಹುಡುಕಲು ಅದು ಬೇಕಾಗುತ್ತದೆ. ಮೇ ಕೊನೆಯ ವಾರ ಊಟ ಕೊಡುವವರ ಜೊತೆ ಒಮ್ಮೆ ಕೂತು ಮಳೆಗಾಲದ ಮೆನು ಮಾತಾಡಿ. ಮೀನಿನ ಬದಲು ಏನು, ರಸ್ತೆ ಬಂದ್ ಆದ ದಿನ ಎಷ್ಟು ಗಂಟೆಗೆ ಫೋನ್ ಮಾಡಿ ಹೇಳುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಅಂಥ ದಿನಕ್ಕೆಂದು ಆಫೀಸಿನ ಕಪಾಟಿನಲ್ಲಿ ಐದು ಕೆಜಿ ಅವಲಕ್ಕಿ, ಬೆಲ್ಲ, ಒಂದು ಡಬ್ಬಿ ಉಪ್ಪಿನಕಾಯಿ ಇಟ್ಟಿರಿ.